ಒಂಬತ್ತನೇ ಕ್ಲಾಸಿನ ಮಗಳು ಆಟ ಬಿಟ್ಟು ಎರಡು ವರ್ಷ ಆಯಿತು, ಎಲ್ಲಿಂದ ಶುರು ಮಾಡಿಸಲಿ?

ಜಲನಗರದ ಅಮ್ಮ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಟೇಲರಿಂಗ್ ಮಾಡುತ್ತೇನೆ. ಮಗಳಿಗೆ 14 ವರ್ಷ. ಅವಳ ಬಗ್ಗೆ ಕೇಳಬೇಕಿತ್ತು, ಸ್ವಲ್ಪ ಉದ್ದ ಆಗುತ್ತದೆ.

ಹೋದ ತಿಂಗಳು ಕಲಬುರಗಿಯಿಂದ ನನ್ನ ತಂಗಿ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ನಮ್ಮೂರಿಗೆ ಯಾರೇ ಬಂದರೂ ಗೋಳಗುಮ್ಮಟ ತೋರಿಸಲೇಬೇಕಲ್ಲ. ಮೂಲೆಯ ಮಿನಾರಿನ ಒಳಗಿಂದ ಏಳು ಅಂತಸ್ತು ಹತ್ತಬೇಕು. ಮೆಟ್ಟಿಲು ಎತ್ತರ, ಜಾಗ ಇಕ್ಕಟ್ಟು. ತಂಗಿಯ ಎಂಟು ವರ್ಷದ ಮಗ ಓಡುತ್ತಲೇ ಹತ್ತಿದ. ನನ್ನ ಮಗಳು ನಾಲ್ಕನೇ ಅಂತಸ್ತಿನ ಹತ್ತಿರ ಗೋಡೆ ಹಿಡಿದು ಕೂತುಬಿಟ್ಟಳು. ತುಟಿ ಬೆಳ್ಳಗಾಗಿತ್ತು. "ಮಮ್ಮಿ, ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದಳು. ನಾನೂ ಅವಳ ಪಕ್ಕ ಕೂತೆ. ಮೇಲೆ ಮಕ್ಕಳು ಕೂಗಿದ್ದು ಗುಮ್ಮಟದಲ್ಲಿ ತಿರುಗಿ ತಿರುಗಿ ನಮಗೆ ಕೇಳುತ್ತಿತ್ತು. ಇವಳು ಐದನೇ ಕ್ಲಾಸಿನಲ್ಲಿದ್ದಾಗ ಇದೇ ಮೆಟ್ಟಿಲನ್ನು ಒಂದೇ ದಿನ ಎರಡು ಸಲ ಹತ್ತಿದ್ದಳು.

ಮರುದಿನವೇ ಡಾಕ್ಟರ್ ಹತ್ತಿರ ಹೋದೆವು. ಹೃದಯ, ಶ್ವಾಸಕೋಶ ಎಲ್ಲ ಸರಿ ಇದೆ ಅಂದರು. ಹಿಮೋಗ್ಲೋಬಿನ್ 9.8 ಬಂತು. ಮೂರು ತಿಂಗಳು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. "ಹುಡುಗಿ ಕೂತಲ್ಲೇ ಕೂರಬಾರದು, ದಿನಾ ವ್ಯಾಯಾಮ ಮಾಡಿಸಿ. ಆದರೆ ಒಮ್ಮೆಲೇ ಬೇಡ, ನಿಧಾನಕ್ಕೆ ಹೆಚ್ಚಿಸಿ" ಅಂದರು. ಹೊರಗೆ ಜನ ಕಾಯುತ್ತಿದ್ದರು, ಹೆಚ್ಚು ಕೇಳಲು ಆಗಲಿಲ್ಲ.

ಅವಳ ದಿನ ಹೇಗಿದೆ ಅಂದರೆ, ಬೆಳಿಗ್ಗೆ ಏಳಕ್ಕೆ ಏಳುತ್ತಾಳೆ. ಶಾಲೆಗೆ ಆಟೋ. ಸಂಜೆ ಐದೂವರೆಯಿಂದ ಏಳೂವರೆ ತನಕ ಟ್ಯೂಷನ್, ಅದಕ್ಕೂ ಆಟೋ. ಬಂದು ಊಟ, ಹೋಂವರ್ಕ್, ಆಮೇಲೆ ಮೊಬೈಲು. ಆರನೇ ಕ್ಲಾಸಿನ ತನಕ ಖೋ ಖೋ ಚೆನ್ನಾಗಿ ಆಡುತ್ತಿದ್ದಳು. ಏಳನೆಯದರಲ್ಲಿ ಮುಟ್ಟು ಶುರುವಾಯಿತು, ನಿಧಾನಕ್ಕೆ ಬಿಟ್ಟಳು. ಎಂಟಕ್ಕೆ ಬಂದ ಮೇಲೆ ಆಟದ ಪೀರಿಯಡ್ಡನ್ನೂ ಗಣಿತಕ್ಕೆ ತೆಗೆದುಕೊಂಡರಂತೆ. ನಾನೂ ಆಗ ಸುಮ್ಮನಿದ್ದೆ. ಓದಿಗೆ ಒಳ್ಳೆಯದು ಅಂದುಕೊಂಡೆ. ಈಗ ಅದಕ್ಕೇ ಹೆಚ್ಚು ಬೇಜಾರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅವರಪ್ಪ ಜಿಮ್ಮಿಗೆ ಹಾಕೋಣ ಅನ್ನುತ್ತಾರೆ. ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಅಂತ ಪಕ್ಕದ ಮನೆಯವರು. ಮುಟ್ಟಿನ ದಿನ ಜಿಗಿದಾಡಬಾರದು ಅಂತ ಅತ್ತೆಯವರು. ಮಗಳು ಮಾತ್ರ "ನನ್ನನ್ನು ಎಲ್ಲರೂ ನೋಡ್ತಾರೆ, ನಾನು ಹೊರಗೆ ಬರಲ್ಲ" ಅನ್ನುತ್ತಾಳೆ. ಈ ವಯಸ್ಸಿಗೆ ದಿನಕ್ಕೆ ಎಷ್ಟು ಹೊತ್ತು ಬೇಕು? ಯಾವ ಥರದ್ದು ಬೇಕು? ನಮಗೊಂದು ಸಣ್ಣ ಟೆರೇಸ್ ಇದೆ, ಅಷ್ಟೇ. ತಿಳಿದವರು ಹೇಳಿ.

ಪಿಟಿ ಮಾಸ್ತರ, ಬಾಗಲಕೋಟೆ

ಅಕ್ಕಾರೆ, ನಾನು ಹಳ್ಳಿಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. 22 ವರ್ಷ ಆಯಿತು. ನೀವು ಬರೆದದ್ದು ಓದಿ ನನ್ನ ಶಾಲೆಯ ಹತ್ತಾರು ಹುಡುಗಿಯರು ಕಣ್ಣ ಮುಂದೆ ಬಂದರು.

ಮೊದಲು ಲೆಕ್ಕ ಹೇಳುತ್ತೇನೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದರಲ್ಲಿ ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆ ಗಟ್ಟಿ ಮಾಡುವಂಥದ್ದು ಇರಬೇಕು. ಗಂಟೆ ಅಂದ ತಕ್ಷಣ ಹೆದರಬೇಡಿ. ಒಂದೇ ಸಲಕ್ಕೆ ಆಗಬೇಕು ಅಂತೇನಿಲ್ಲ. ಬೆಳಿಗ್ಗೆ 20, ಟ್ಯೂಷನ್ನಿಗೆ ನಡೆದು ಹೋಗಿ ಬಂದದ್ದು 20, ಸಂಜೆ 20, ಎಲ್ಲ ಕೂಡಿದರೆ ಗಂಟೆ ಆಯಿತು. ನಿಮ್ಮ ಮಗಳೊಬ್ಬಳೇ ಹೀಗೆ ಅಂತಲೂ ತಿಳಿಯಬೇಡಿ. 2019ರಲ್ಲಿ ಬಂದ ಅದೇ ಸಂಸ್ಥೆಯ ವರದಿಯಲ್ಲಿ, ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ 100ಕ್ಕೆ 81 ಮಂದಿ ಇಷ್ಟು ಮಾಡುತ್ತಿರಲಿಲ್ಲ. ಹುಡುಗಿಯರದು 85.

ಇನ್ನು ಯಾವ ಥರದ್ದು. ಉಸಿರು ಏರಿಸುವುದು ಒಂದು: ಬಿರುಸು ನಡಿಗೆ, ಓಟ, ಸೈಕಲ್, ಈಜು. ತಾಕತ್ತಿನದು ಇನ್ನೊಂದು: ಬಸ್ಕಿ, ದಂಡ, ಹಗ್ಗ ಎಳೆಯುವುದು. ಮೂಳೆಗೆ ಬೇಕಾದದ್ದು ಜಿಗಿತ, ಅಂದರೆ ಕಾಲು ನೆಲಕ್ಕೆ ಬಡಿಯುವ ಆಟ. ಸ್ಕಿಪ್ಪಿಂಗ್, ಕುಂಟಾಬಿಲ್ಲೆ, ಲಗೋರಿ ಎಲ್ಲ ಇದರಲ್ಲೇ ಬರುತ್ತವೆ. ಮೈ ಬಾಗುವುದಕ್ಕೆ ಸೂರ್ಯ ನಮಸ್ಕಾರ ಸಾಕು.

ಮೂಳೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪಾಲಕರಿಗೆ ಇದನ್ನು ಯಾರೂ ಹೇಳುವುದಿಲ್ಲ. ಮನುಷ್ಯನ ಮೂಳೆ ಎಷ್ಟು ಗಟ್ಟಿ ಆಗಬೇಕೋ ಅದರ ಬಹುಪಾಲು 18-20 ವರ್ಷದೊಳಗೆ ಆಗಿಬಿಡುತ್ತದೆ. ಆಮೇಲೆ ಇಡೀ ಜೀವನ ಅದನ್ನೇ ಖರ್ಚು ಮಾಡುತ್ತಾ ಹೋಗುವುದು. ನಿಮ್ಮ ಅತ್ತೆಯವರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿದರೆ ತೊಡೆ ಮುರಿಯುತ್ತದೋ ಇಲ್ಲವೋ ಅನ್ನುವುದು ಸ್ವಲ್ಪ ಮಟ್ಟಿಗೆ ಈ ವಯಸ್ಸಿನ ಜಿಗಿತದ ಮೇಲೆ ನಿಂತಿದೆ. ಹಾಲು, ರಾಗಿ, ಎಳ್ಳು ಕೊಡಿ. ಆದರೆ ಜಿಗಿಯದೆ ಬರೀ ತಿಂದರೆ ಅರ್ಧ ಕೆಲಸವಷ್ಟೇ.

ಎಷ್ಟು ಜೋರು ಅಂತ ತಿಳಿಯಲು ಮಷೀನು ಬೇಕಿಲ್ಲ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದು ಸರಿಯಾದ ವೇಗ. ಎರಡು ಮಾತಿಗೇ ಉಸಿರು ಕಟ್ಟಿದರೆ ಅದು ಜೋರಿನ ವ್ಯಾಯಾಮ. ಅದು ನಿಮ್ಮ ಮಗಳಿಗೆ ಇನ್ನೂ ಒಂದೂವರೆ ತಿಂಗಳು ಬೇಡ. ರಕ್ತ ಕಡಿಮೆ ಇದ್ದಾಗ ಆಮ್ಲಜನಕ ಹೊರುವವರೇ ಕಡಿಮೆ ಇರುತ್ತಾರೆ, ಹೃದಯ ಒದ್ದಾಡುತ್ತದೆ. ಅವಳು ಮಿನಾರಿನಲ್ಲಿ ಕೂತದ್ದು ಸೋಮಾರಿತನಕ್ಕೆ ಅಲ್ಲ. ಇದನ್ನು ಅವಳಿಗೂ ಹೇಳಿ. ಮೊದಲ ಎರಡು ವಾರ ಬರೀ ನಡಿಗೆ, 15 ನಿಮಿಷ ಬೆಳಿಗ್ಗೆ, 15 ಸಂಜೆ. ಆಮೇಲೆ ಗೋಡೆಗೆ ಕೈ ಕೊಟ್ಟು ದಂಡ, ಸ್ಟೂಲಿನ ಮೇಲೆ ಕೂತು ಏಳುವುದು, ಎಂಟೆಂಟು ಸಲ. ನಾಲ್ಕನೇ ವಾರ ಸ್ಕಿಪ್ಪಿಂಗ್, 20 ಸಲ ಜಿಗಿದು ಒಂದು ನಿಮಿಷ ನಿಲ್ಲಬೇಕು. ತಲೆ ಸುತ್ತಿದರೆ, ಎದೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. "ಎಲ್ಲರೂ ನೋಡ್ತಾರೆ" ಅಂದಳಲ್ಲ, ಅದೇ ಅವಳ ನಿಜವಾದ ಕಾರಣ. ಟೈಮ್ ಅಲ್ಲ, ಮೊಬೈಲೂ ಅಲ್ಲ. ಪ್ರತಿ ವರ್ಷ ಜೂನ್‌ನಲ್ಲಿ ನಾನಿದನ್ನು ನೋಡುತ್ತೇನೆ. ಏಳನೆಯದರಲ್ಲಿ ಚಿಗರೆ ಹಾಗೆ ಓಡುತ್ತಿದ್ದ ಹುಡುಗಿ ಎಂಟನೆಯದರಲ್ಲಿ ಬೇವಿನ ಮರದ ಕೆಳಗೆ ಬ್ಯಾಗು ಹೊಟ್ಟೆಗೆ ಒತ್ತಿಕೊಂಡು ಕೂತಿರುತ್ತಾಳೆ. "ಯಾಕವ್ವಾ" ಅಂದರೆ "ಕಾಲು ನೋವು ಸರ್" ಅನ್ನುತ್ತಾಳೆ. ಮೊದಮೊದಲು ನಾನೂ ನಂಬುತ್ತಿದ್ದೆ. ಆಮೇಲೆ ಒಬ್ಬ ಮೇಡಂ ಬಿಡಿಸಿ ಹೇಳಿದರು. ಸ್ಕರ್ಟಿನಲ್ಲಿ ಕೂತು ಏಳಲು ನಾಚಿಕೆ, ಕಲೆ ಆದರೆ ಅನ್ನುವ ಭಯ, ಶೌಚಾಲಯದಲ್ಲಿ ನೀರಿಲ್ಲ, ಕಾಂಪೌಂಡಿನ ಆಚೆ ಹುಡುಗರು. ನಾವು ಮಾಡಿದ್ದು ಇಷ್ಟೇ. ಆಟದ ದಿನ ಟ್ರ್ಯಾಕ್ ಪ್ಯಾಂಟಿಗೆ ಒಪ್ಪಿಗೆ ಕೊಟ್ಟೆವು, ಅಂಕಣವನ್ನು ಶಾಲೆಯ ಹಿಂದಕ್ಕೆ ಒಯ್ದೆವು. ಆ ವರ್ಷ ಮರದ ಕೆಳಗಿನ ಒಂಬತ್ತು ಹುಡುಗಿಯರಲ್ಲಿ ಆರು ಮಂದಿ ಎದ್ದು ಬಂದರು.

ಅವಳಿಗೆ ಖೋ ಖೋ ಬರುತ್ತದೆ ಅಂದಿರಿ. ಅದನ್ನು ಬಿಡಬೇಡಿ. ಎಂಟು ಮಂದಿ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಬೆನ್ನಿಗೆ ಏಟು ಬಿದ್ದು "ಖೋ" ಅಂದ ಕ್ಷಣ ಏಳಬೇಕು, ಎರಡು ಹೆಜ್ಜೆಯಲ್ಲಿ ವೇಗ ಹಿಡಿಯಬೇಕು, ಕಂಬ ಹಿಡಿದು ತಿರುಗಬೇಕು. ನಾನು ಮೇಲೆ ಬರೆದ ಉಸಿರು, ತಾಕತ್ತು, ಜಿಗಿತ, ಬಾಗುವುದು ನಾಲ್ಕೂ ಒಂದೇ ಆಟದಲ್ಲಿ ಬಂದವು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ನಮ್ಮ ಹೆಣ್ಣುಮಕ್ಕಳೇ ಗೆದ್ದರು. ಆ ತಂಡದಲ್ಲಿ ಕರ್ನಾಟಕದ ಬಿ. ಚೈತ್ರಾ ಇದ್ದರು. ಆ ಫೈನಲ್ಲಿನ ವಿಡಿಯೋ ಅವಳ ಕೈಗೆ ಕೊಡಿ, ಅವಳೇ ನೋಡಲಿ.

ತಾಲೀಮಿನವ, ಮುಧೋಳ

ಅಕ್ಕಾ, ಪಿಟಿ ಸರ್ ಹೇಳಿದ್ದೆಲ್ಲ ಸರಿ ಇದೆ. ಭಾರ ಎತ್ತುವ ವಿಷಯ ಮಾತ್ರ ನಾನು ಹೇಳುತ್ತೇನೆ, ನನ್ನ ಮೈಮೇಲೆ ಆದದ್ದು.

ನಾನು 12ನೇ ವಯಸ್ಸಿಗೆ ಗರಡಿ ಮನೆಗೆ ಹೋದವನು. ನಮ್ಮ ವಸ್ತಾದರು ಮೊದಲ ಆರು ತಿಂಗಳು ಕುಸ್ತಿ ಹಿಡಿಸಲೇ ಇಲ್ಲ. ಕೈಗೆ ಸಲಿಕೆ ಕೊಟ್ಟರು. ಬೆಳಿಗ್ಗೆ ಐದಕ್ಕೆ ಎದ್ದು ಅಖಾಡದ ಮಣ್ಣು ಅಗೆದು ತಿರುವಿ ಹಾಕುವುದೇ ಕೆಲಸ. ಆ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಕಲಸಿರುತ್ತಾರೆ, ಅದರ ವಾಸನೆ ಈಗಲೂ ಮೂಗಿನಲ್ಲಿದೆ. ಆಮೇಲೆ 20 ದಂಡ, 30 ಬೈಠಕ್. ತಿಂಗಳಿಗೆ ಐದೈದು ಜಾಸ್ತಿ. ಅದಕ್ಕಿಂತ ಒಂದೂ ಹೆಚ್ಚು ಹೊಡೆಯಲು ಬಿಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು.

15 ವರ್ಷ ಇದ್ದಾಗ ಊರ ಜಾತ್ರೆಯಲ್ಲಿ ಚೀಲ ಎತ್ತುವ ಪಂದ್ಯ ಇತ್ತು. ವಸ್ತಾದರಿಗೆ ಹೇಳದೆ ಹೋದೆ. ಜೋಳದ ಚೀಲಕ್ಕೆ ಕೈ ಹಾಕಿ ಬೆನ್ನು ಬಗ್ಗಿಸಿ ಒಂದೇ ಸಲ ಜಗ್ಗಿದೆ. ಸೊಂಟದಲ್ಲಿ ಕಟ್ ಅಂತು. ನಾಲ್ಕು ತಿಂಗಳು ಮಂಚ, ಒಂದು ವರ್ಷ ಅಖಾಡಕ್ಕೆ ಇಳಿಯಲಿಲ್ಲ. ವಸ್ತಾದರು ನೋಡಲು ಬಂದು ಬೈಯಲಿಲ್ಲ. ಸುಮ್ನೆ ಕೂತು ಹೋದರು. ಅದು ಹೆಚ್ಚು ನೋವಾಯಿತು.

ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಅನ್ನುವುದು ಸುಳ್ಳು. ನನ್ನ ಜೊತೆ ಬೈಠಕ್ ಹೊಡೆದವರಲ್ಲಿ ಆರಡಿ ಬೆಳೆದವರಿದ್ದಾರೆ. ಬೆಳೆಯುವ ಮಕ್ಕಳ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ, ಬಿದ್ದರೆ ಅಥವಾ ತಾಳಲಾರದ ಭಾರ ಹಾಕಿದರೆ ಅಲ್ಲಿ ಪೆಟ್ಟಾಗಬಹುದು, ಅಷ್ಟೇ. ತಿಳಿದವರು ಪಕ್ಕದಲ್ಲಿ ನಿಂತು ಹಗುರದಿಂದ ಶುರು ಮಾಡಿಸಿದರೆ ಹುಡುಗಿಯರಿಗೂ ತಾಕತ್ತಿನ ವ್ಯಾಯಾಮ ಒಳ್ಳೆಯದು. ಮೊದಲ ವರ್ಷ ತನ್ನ ಮೈಯ ಭಾರವೇ ಸಾಕು. ನಮ್ಮ ಜಿಲ್ಲೆಯ ತುಳಸಿಗೇರಿಯಲ್ಲಿ ಮಲ್ಲಕಂಬ ಆಡುವ ಮಕ್ಕಳನ್ನು ಒಮ್ಮೆ ನೋಡಿ. ಕಬ್ಬಿಣದ ತಟ್ಟೆ ಇಲ್ಲ, ಏನಿಲ್ಲ. ಕಂಬ ಮತ್ತು ತಮ್ಮ ಮೈ. ತೋಳು ಹೇಗಿರುತ್ತವೆ!

ಓದುತ್ತಿರುವ ಹುಡುಗರಿಗೂ ಒಂದು ಮಾತು. ಮೂರು ತಿಂಗಳಲ್ಲಿ ಮೈ ಮಾಡಿಕೊಡುತ್ತೇವೆ ಅಂತ ಡಬ್ಬಿ ಪೌಡರ್, ಇಂಜೆಕ್ಷನ್ ಮಾರುವವರ ಹತ್ತಿರ ಹೋಗಬೇಡ್ರಿ. ಹೆಸರುಕಾಳು, ಮಡಿಕೆಕಾಳು, ಶೇಂಗಾ, ಮೊಸರು, ತಿನ್ನುವವರಾದರೆ ತತ್ತಿ. ಇದರ ಮೇಲೆಯೇ ನಾವೆಲ್ಲ ಬೆಳೆದದ್ದು.

ಟಿಳಕವಾಡಿ ಫಿಸಿಯೋ, ಬೆಳಗಾವಿ

ಅಕ್ಕಾ, ನಿಮ್ಮ ಅತ್ತೆಯವರು ಮಗುವಿನ ಮೇಲಿನ ಕಾಳಜಿಗೇ ಹೇಳಿರುತ್ತಾರೆ. ಆದರೆ ಮುಟ್ಟಿನ ದಿನ ಆಡಿದರೆ ಒಳಗೆ ಏನೂ ಕೆಡುವುದಿಲ್ಲ. ಎಷ್ಟೋ ಹುಡುಗಿಯರಿಗೆ ಮೆಲ್ಲಗೆ ನಡೆದಾಡಿದರೆ ಹೊಟ್ಟೆನೋವು ಕಡಿಮೆ ಆಗುತ್ತದೆ. ಮೊದಲ ದಿನ ಸುಸ್ತಾಗಿದ್ದರೆ ಮಲಗಲಿ, ಅದನ್ನು ಅವಳೇ ನಿರ್ಧರಿಸಲಿ. ರಕ್ತಸ್ರಾವ ಬಹಳ ಇದೆಯಾ ಅಂತ ಮಾತ್ರ ಕೇಳಿ. ಏಳು ದಿನಕ್ಕಿಂತ ಹೆಚ್ಚು ಹೋಗುತ್ತಿದ್ದರೆ, ಗಂಟೆಗೊಂದು ಪ್ಯಾಡ್ ಬದಲಿಸುವಂತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಹಿಮೋಗ್ಲೋಬಿನ್ ಇಳಿಯಲು ಅದೇ ಕಾರಣ ಇರಬಹುದು.

ಮಾತ್ರೆಯನ್ನು ಚಹಾ ಜೊತೆ ಕೊಡಬೇಡಿ. ನಮ್ಮ ಕಡೆ ಊಟ ಆದ ತಕ್ಷಣ ಚಹಾ ಕುಡಿಯುವ ರೂಢಿ ಇದೆಯಲ್ಲ, ಅದು ಕಬ್ಬಿಣದ ಅಂಶವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಒಂದೆರಡು ಗಂಟೆ ಬಿಡಿ. ಲಿಂಬೆಹಣ್ಣಿನ ಪಾನಕ ಅಥವಾ ಪೇರಲಹಣ್ಣು ಜೊತೆಗಿದ್ದರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಿ ನಿಲ್ಲಿಸಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಮನೆಮನೆಯ ಕಥೆ ಇದು. ಮುಚ್ಚಿಡುವಂಥದ್ದಲ್ಲ.

ಇನ್ನೆರಡು ಮಾತು. ಜಿಗಿತ ಶುರು ಮಾಡಿದ ಮೇಲೆ ಮೊಣಕಾಲ ಚಿಪ್ಪಿನ ಕೆಳಗೆ ನೋವು, ಸಣ್ಣ ಗಂಟು ಕಾಣಿಸಬಹುದು. ಬೇಗ ಎತ್ತರ ಬೆಳೆಯುವ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಮೂಳೆ ಮುಂದೆ ಹೋಗಿರುತ್ತದೆ, ತೊಡೆಯ ಸ್ನಾಯು ಹಿಂದೆ ಉಳಿದು ಜಗ್ಗುತ್ತದೆ. ಜಿಗಿತ ಸ್ವಲ್ಪ ದಿನ ಕಡಿಮೆ ಮಾಡಿ, ಮಂಜುಗಡ್ಡೆ ಬಟ್ಟೆಯಲ್ಲಿ ಸುತ್ತಿ ಇಡಿ, ತೊಡೆಯ ಮುಂಭಾಗ ಎಳೆಯುವ ವ್ಯಾಯಾಮ ಮಾಡಿಸಿ. ಕಾಲು ಊದಿದರೆ, ಕುಂಟಿದರೆ, ರಾತ್ರಿ ನೋವಿಗೆ ಎಚ್ಚರ ಆದರೆ ತೋರಿಸಿ. ಟೆರೇಸಿನ ಸಿಮೆಂಟು ಬರಿಗಾಲಿಗೆ ಗಡುಸು, ಶೂ ಇರಲಿ. ಒಳ್ಳೆಯ ಸ್ಪೋರ್ಟ್ಸ್ ಬ್ರಾ ಕೊಡಿಸಿ. ಇದನ್ನು ಹೇಳಲು ಹುಡುಗಿಯರಿಗೆ ಬಾಯಿ ಬರುವುದಿಲ್ಲ, ಆಟ ಬಿಡಲು ಅದೂ ಒಂದು ಕಾರಣ.

ನಿದ್ದೆ ಎಂಟು ಗಂಟೆಗಿಂತ ಕಡಿಮೆ ಆಗದ ಹಾಗೆ ನೋಡಿಕೊಳ್ಳಿ. ಈ ವಯಸ್ಸಿಗೆ ಎಂಟರಿಂದ ಹತ್ತು ಬೇಕು. ಮೊಬೈಲು ರಾತ್ರಿ ನಿಮ್ಮ ಹೊಲಿಗೆ ಮಷೀನಿನ ಹತ್ತಿರ ಮಲಗಲಿ.

ತೊರವಿ ಸೈಕಲ್, ವಿಜಯಪುರ

ಆಂಟಿ, ನನಗೆ 17. ಪಿಯುಸಿ ಓದುತ್ತಿದ್ದೇನೆ. ದಿನಾ ತೊರವಿಯಿಂದ ಕಾಲೇಜಿಗೆ ಸೈಕಲ್ ಮೇಲೆ ಬರುತ್ತೇನೆ. ದೊಡ್ಡವರೆಲ್ಲ ಹೇಳಿದ್ದಾರೆ, ನಾನು ಒಂದೇ ಹೇಳುತ್ತೇನೆ. ಅವಳಿಗೆ "ದಪ್ಪ ಆಗಿದ್ದೀಯ, ಕರಗಿಸು" ಅಂತ ಮಾತ್ರ ಹೇಳಬೇಡಿ. ನನಗೆ ಹಾಗೆ ಹೇಳಿದ ವರ್ಷ ನಾನು ಮಧ್ಯಾಹ್ನದ ಡಬ್ಬಿ ತಿನ್ನದೆ ವಾಪಸ್ ತರುತ್ತಿದ್ದೆ. ಈಗ ಓಡುವುದು, ತುಳಿಯುವುದು ಖುಷಿಗೆ. ಸೈಕ್ಲಿಂಗ್ ಅಂದರೆ ನಮ್ಮ ವಿಜಯಪುರ, ಬಾಗಲಕೋಟೆ ಹೆಸರು ರಾಜ್ಯಕ್ಕೇ ಗೊತ್ತು. ರೇಸ್ ಸೈಕಲ್ಲಿನ ಅಕ್ಕಂದಿರು ಬೆಳಿಗ್ಗೆ ಸಾಲಾಗಿ ಹೋಗುವಾಗ ನಾನೂ ಹಿಂದೆ ಹಿಂದೆ ತುಳಿಯುತ್ತೇನೆ. ಎರಡು ನಿಮಿಷಕ್ಕೆ ಕಾಣೆಯಾಗಿಬಿಡುತ್ತಾರೆ, ಆದರೂ ಇಡೀ ದಿನ ಮನಸ್ಸು ಹಗುರ ಇರುತ್ತದೆ.

ಒಬ್ಬಳು ಗೆಳತಿ ಸಿಕ್ಕರೆ ಸಾಕು ಆಂಟಿ. ಒಬ್ಬಳೇ ಹೋದರೆ ಎಲ್ಲರೂ ನೋಡ್ತಾರೆ ಅನ್ನಿಸುತ್ತದೆ. ಇಬ್ಬರಾದರೆ ಅನ್ನಿಸುವುದಿಲ್ಲ.

ಜಲನಗರದ ಅಮ್ಮ, ವಿಜಯಪುರ

ಆರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿದೆ.

ತೊರವಿಯ ಹುಡುಗಿ ಹೇಳಿದ ಮಾತು ಮೊದಲು ಹಿಡಿದೆ. ಹಿಂದಿನ ಗಲ್ಲಿಯಲ್ಲಿ ಇವಳ ಕ್ಲಾಸಿನವಳೇ ಒಬ್ಬಳಿದ್ದಾಳೆ. ಅವಳ ತಾಯಿ ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುವವರು. ಅಳತೆ ತೆಗೆಯುತ್ತಾ ಮಾತು ತೆಗೆದೆ. ಅವರ ಮನೆಯಲ್ಲೂ ಇದೇ ಚಿಂತೆ ಇತ್ತಂತೆ. ಇನ್ನೊಬ್ಬಳು ತಾನಾಗಿಯೇ ಸೇರಿದಳು. ಬೆಳಿಗ್ಗೆ ಆರಕ್ಕೆ ಮೂವರು ಹುಡುಗಿಯರು, ನಾವಿಬ್ಬರು ತಾಯಂದಿರು ನಡೆಯುತ್ತೇವೆ. ಬಿಸಿಲು ಏರುವ ಮುಂಚೆ ಮನೆ ಸೇರುತ್ತೇವೆ.

ಬಟ್ಟೆಯದು ನನ್ನ ಕೈಯಲ್ಲೇ ಇತ್ತು, ಪಿಟಿ ಸರ್ ಬರೆಯುವ ತನಕ ನನಗೆ ಹೊಳೆದೇ ಇರಲಿಲ್ಲ. ಕಪ್ಪು ಹೊಸೈರಿ ಬಟ್ಟೆ ತಂದು ಮೂವರಿಗೂ ಸಡಿಲ ಪ್ಯಾಂಟ್ ಹೊಲಿದೆ. ಸೊಂಟಕ್ಕೆ ಎಲಾಸ್ಟಿಕ್, ಮೇಲೆ ಲಾಡಿ, ಬಲಗಡೆ ಒಂದು ಪ್ಯಾಡ್ ಹಿಡಿಸುವಷ್ಟು ಜೇಬು, ಕಾಲ ಸಂದಿಗೆ ಎರಡು ಪದರ. ಕೂತು ಎದ್ದು ನೋಡು ಅಂದೆ. ಮಗಳು ಕುಕ್ಕರಗಾಲಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಕನ್ನಡಿಯಲ್ಲಿ ಹಿಂದೆ ತಿರುಗಿ ನೋಡಿಕೊಂಡಳು. "ಏನೂ ಕಾಣ್ಸಲ್ಲ ಮಮ್ಮಿ" ಅಂದಳು. ಎರಡು ವರ್ಷ ಅವಳು ಹೊತ್ತುಕೊಂಡಿದ್ದ ಭಾರ ಎಷ್ಟಿತ್ತು ಅಂತ ನನಗೆ ಆ ಮಾತಿನಲ್ಲಿ ಗೊತ್ತಾಯಿತು.

ಶಾಲೆಗೂ ನಾಲ್ಕು ಮಂದಿ ಪಾಲಕರು ಕೂಡಿ ಹೋಗಿದ್ದೆವು. ವಾರಕ್ಕೆ ಎರಡು ಪೀರಿಯಡ್ ಆಟಕ್ಕೆ ವಾಪಸ್ ಕೊಡುತ್ತೇವೆ ಅಂದಿದ್ದಾರೆ. ಇನ್ನೂ ಒಂದೇ ಕೊಟ್ಟಿದ್ದಾರೆ. ಮತ್ತೆ ಹೋಗುತ್ತೇವೆ.

ಸ್ಕಿಪ್ಪಿಂಗ್ 20ರಿಂದ 50ಕ್ಕೆ ಬಂದಿದೆ. ಮೊಣಕಾಲು ಒಂದು ವಾರ ನೋಯಿತು, ಬೆಳಗಾವಿಯ ಮೇಡಂ ಹೇಳಿದ ಹಾಗೆಯೇ ಮಾಡಿದೆವು, ಇಳಿಯಿತು. ಮುಟ್ಟಿನ ಎರಡನೇ ದಿನ ತಾನಾಗಿಯೇ ನಡೆಯಲು ಬಂದಳು. ಅತ್ತೆಯವರು ಏನೂ ಅನ್ನಲಿಲ್ಲ. ಬಂದ ಮೇಲೆ ಅವಳ ಕೈಗೆ ಶೇಂಗಾ ಉಂಡೆ ಕೊಟ್ಟರು. ಇನ್ನೂ ಅರ್ಧ ದಾರಿಗೆ ಸುಸ್ತು ಅನ್ನುವ ದಿನ ಇವೆ. ಮಾತ್ರೆ ಮುಗಿಯಲು ಆರು ವಾರ ಇದೆ, ಆಮೇಲೆ ರಕ್ತ ಪರೀಕ್ಷೆ.

ಪಿಟಿ ಸರ್, ನಿಮಗೊಂದು ಕೇಳುವುದಿತ್ತು. ನಮ್ಮ ಗಲ್ಲಿಯ ಕೊನೆಯಲ್ಲಿ ಒಂದು ಖಾಲಿ ಸೈಟ್ ಇದೆ. ಮಾಲೀಕರು ಕಟ್ಟುವ ತನಕ ಆಡಿಕೊಳ್ಳಲಿ ಅಂದಿದ್ದಾರೆ. ಹುಡುಗಿಯರು ಈಗ ಏಳು ಮಂದಿ ಆಗಿದ್ದಾರೆ. ಖೋ ಖೋ ಕಂಬ ಎಷ್ಟು ಎತ್ತರ ಇರಬೇಕು?

ಪಿಟಿ ಮಾಸ್ತರ, ಬಾಗಲಕೋಟೆ

ಅಕ್ಕಾರೆ, ನೆಲದಿಂದ ಮೇಲೆ 120 ಸೆಂಟಿಮೀಟರ್. ಅಲುಗಾಡದ ಹಾಗೆ ಆಳಕ್ಕೆ ಹೂಳಿಸಿ. ಬಡಗಿಗೆ ಹೇಳಿ ಮೇಲ್ತುದಿ ಗುಂಡಗೆ ಮಾಡಿಸಿ, ಉಪ್ಪು ಕಾಗದದಲ್ಲಿ ಚೆನ್ನಾಗಿ ಉಜ್ಜಿಸಿ. ಹುಡುಗಿಯರು ಓಡುತ್ತಾ ಬಂದು ಅದನ್ನೇ ಹಿಡಿದು ತಿರುಗುವುದು, ಕೈಗೆ ಚಕ್ಕೆ ಚುಚ್ಚಬಾರದು. ಪೂರ್ತಿ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಸೈಟ್ ಚಿಕ್ಕದಿದ್ದರೆ ಇದ್ದಷ್ಟಕ್ಕೇ ಹಾಕೋಣ. ಮೊದಲು ನೆಲದಲ್ಲಿ ಗಾಜಿನ ಚೂರು, ಮೊಳೆ ಇವೆಯಾ ಅಂತ ಎಲ್ಲರೂ ಸೇರಿ ಆರಿಸಿ ತೆಗೆಯಿರಿ. ಬರುವ ಭಾನುವಾರ ನನಗೆ ವಿಜಯಪುರದಲ್ಲಿ ಕೆಲಸ ಇದೆ. ಅಳತೆ ಟೇಪು, ಸುಣ್ಣದ ಪುಡಿ ನಾನೇ ತರುತ್ತೇನೆ. ಗೆರೆ ಮಾತ್ರ ಹುಡುಗಿಯರೇ ಎಳೆಯಲಿ.